ಮರಕ್ಕೆ ಹೇಳಬೇಕಾದ ಮಾತು

ಆ ಒಂದು ಪದವನ್ನು ನುಂಗಿಕೊಂಡು ಉಳಿದದ್ದನ್ನು ಹೇಳಿದರೆ ಮರಕ್ಕೆ ಗೊತ್ತಾಗುತ್ತದೆಯೇ? ಮರಕ್ಕೆ ಗೊತ್ತಾಗದಿದ್ದರೂ ಮ್ಯೂರಿಯಲ್ ಅತ್ತೆಗೆ ಗೊತ್ತಾಗುತ್ತದೆ. ಹೋಗಲಿ, ಹೇಳಿಯೇಬಿಟ್ಟರೆ? ಬದುಕಿದ್ದಾಗ ಅವನ ಕಿವಿಗೆ ಹಾಕದ ಮಾತನ್ನು ಸತ್ತ ಮೇಲೆ ಒಂದು ಮರಕ್ಕೆ ಹೇಳಿದರೆ ಅದು ಯಾರಿಗೆ ಸಲ್ಲುತ್ತದೆ? ಡೆನ್ಜಿಲ್ ಅಡುಗೆಮನೆಯ ಕಿಟಕಿಯ ಗಾಜಿನಲ್ಲಿ ಮುಖ ನೋಡಿಕೊಳ್ಳುತ್ತ ಕಪ್ಪು ಟೈಯ ಗಂಟನ್ನು ಮತ್ತೆ ಬಿಚ್ಚಿದ. ಗಿಡಕ್ಕೆ ಕಸಿ ಕಟ್ಟಿ ಪಳಗಿದ ಬೆರಳುಗಳು ಅವು. ಸೊಂಟದೆತ್ತರದ ಗಿಡದ ಮುಂದೆ ಮಂಡಿಯೂರಿ ಕಣ್ಣು ಮುಚ್ಚಿಕೊಂಡೇ ಗಂಟು ಹಾಕಬಲ್ಲವು. ತನ್ನದೇ ಕುತ್ತಿಗೆಯ ಹತ್ತಿರ ಬಂದಾಗ ಮಾತ್ರ ದಾರಿ ತಪ್ಪುತ್ತಿದ್ದವು.

ಹೇಳಬೇಕಾದದ್ದು ಉದ್ದವೇನಲ್ಲ. ಪೊಮೆರಾಯ್ ಮನೆಯ ಯಜಮಾನ ಸತ್ತರೆ, ಅವನನ್ನು ಮಣ್ಣಿಗಿಳಿಸುವ ಮೊದಲು ತೋಪಿನ ಹಿರಿಯ ಸೇಬಿನ ಮರಕ್ಕೆ ಸುದ್ದಿ ಮುಟ್ಟಿಸಬೇಕು. ಇಂಗ್ಲೆಂಡಿನ ಡೆವನ್ ಸೀಮೆಯ ಸುತ್ತಲಿನ ಹಳ್ಳಿಗಳಲ್ಲಿ ಜೇನುಗೂಡಿಗೆ ಸಾವು ಹೇಳುವ ಮನೆಗಳಿವೆ. ಈ ಮನೆಯವರು ಹೇಳುವುದು ಮರಕ್ಕೆ. ಮನೆಯ ಹೆಸರು ಹೊತ್ತ ಗಂಡಸು ಹೋಗಿ, ಕಾಂಡಕ್ಕೆ ಮುಷ್ಟಿಯಿಂದ ಗುದ್ದಿ, 'ನಮ್ಮಪ್ಪ ತೀರಿಹೋದ. ನಾನು ಪೊಮೆರಾಯ್. ಇನ್ನು ನಾನಿದ್ದೇನೆ' ಎನ್ನಬೇಕು. ಹೇಳದೆ ಹೂತರೆ ಮರ ಮುನಿಯುತ್ತದೆ, ತೋಪಿನಲ್ಲಿ ಕಾಯಿ ಕಚ್ಚುವುದಿಲ್ಲ.

ಪೊಮೆರಾಯ್ ಎಂದು ಹೇಳಿಕೊಳ್ಳಲು ಡೆನ್ಜಿಲ್‌ಗೆ ಅಡ್ಡಿಯಿರಲಿಲ್ಲ. ವ್ಯಾನಿನ ಬಾಗಿಲ ಮೇಲೆ ಅದೇ ಹೆಸರಿತ್ತು, ಸೈಡರ್ ಎಂಬ ಸೇಬುಮದ್ಯದ ಬಾಟಲಿಯ ಮೇಲೂ ಅದೇ ಇತ್ತು. ಇನ್ನು ನಾನಿದ್ದೇನೆ ಎಂಬುದೂ ಸುಳ್ಳಲ್ಲ, ಇನ್ನೆಲ್ಲಿಗೆ ಹೋಗುತ್ತಾನೆ? ಗಂಟಲಿಗೆ ಅಡ್ಡ ಬರುತ್ತಿದ್ದದ್ದು ಮೊದಲ ಪದ.

"ಇನ್ನೂ ಟೈ ಕಟ್ಕೊಳ್ತಾನೇ ಇದೀಯಾ? ನಿಮ್ಮಮ್ಮ ಹೋದಾಗ್ಲೂ ಹೀಗೇ ಆಗಿತ್ತು."

ಹಿಂಬಾಗಿಲಿನಿಂದ ಮ್ಯೂರಿಯಲ್ ಒಳಗೆ ಬಂದಳು. ತೀರಿಹೋದ ಯಜಮಾನ ವಿಲ್ಫ್‌ನ ತಂಗಿ, ಎಂಬತ್ತು ದಾಟಿದವಳು, ಕೋಲು ಊರಿದರೂ ಬೆನ್ನು ಬಗ್ಗಿಸದವಳು. ಅವಳ ಹಿಂದೆ ಮಗ ರಾಡ್ನಿ, ಹೊಸ ಬೂಟಿಗೆ ಅಂಟಿದ ಕೆಸರನ್ನು ಹೊಸ್ತಿಲಿಗೆ ಒರೆಸುತ್ತ ನಿಂತ. ಅವನು ಎಕ್ಸೆಟರ್‌ನಲ್ಲಿ ಮನೆ ಮಾರಿಸುವ ವ್ಯಾಪಾರದವನು.

"ಬನ್ನಿ ಅತ್ತೆ. ಟೀ ಬಿಸಿಯಾಗಿದೆ."

"ಟೀಗೆ ಬಂದಿಲ್ಲ. ಮರಕ್ಕೆ ಯಾರು ಹೇಳ್ತಾರೆ ಅಂತ ಕೇಳ್ಕೊಂಡು ಹೋಗೋಣ ಅಂತ ಬಂದೆ."

ಡೆನ್ಜಿಲ್ ಕಪ್ಪಿಗೆ ಟೀ ಬಸಿದ.

"ರಾಡ್ನಿ ಹೇಳಲಿ," ಎಂದಳು ಮ್ಯೂರಿಯಲ್. "ಇವನಲ್ಲಿ ನಮ್ಮ ಮನೆ ರಕ್ತ ಇದೆ."

"ಅಮ್ಮಾ, ಕಾರಿನಲ್ಲೇ ಹೇಳಿದ್ನಲ್ಲ, ಬೇಡ ಅಂತ." ರಾಡ್ನಿ ನಾಚಿಕೆಯಿಂದ ಡೆನ್ಜಿಲ್‌ನ ಕಡೆ ನೋಡಿದ. "ನನ್ನ ಮನೆಹೆಸರು ಹೆಕ್ಸ್ಟ್. 'ನಮ್ಮಪ್ಪ ತೀರಿಹೋದ' ಅಂತ ನಾನು ಹೋಗಿ ಹೇಳಿದ್ರೆ ಏನು ಚೆನ್ನಾಗಿರುತ್ತೆ? ನಮ್ಮಪ್ಪ ಮಂಡಿನೋವು ಅಂತ ಮನೇಲಿ ಟಿವಿ ಮುಂದೆ ಕೂತಿದಾನೆ."

"ನಮ್ಮ ಮಾವ ಅನ್ನು. ಮರಕ್ಕೆ ಅಷ್ಟು ಅರ್ಥ ಆಗುತ್ತೆ." ಅವಳು ಕೋಲನ್ನು ಮೇಜಿಗೆ ಒರಗಿಸಿ ಡೆನ್ಜಿಲ್‌ಗೆ ಎದುರಾಗಿ ಕುಳಿತಳು. "ತೋಟ ನಿಂದು. ವಿಲ್ಫ್ ನಿನಗೆ ಬರೆದಿಟ್ಟ. ನನಗೆ ಅದರ ಮೇಲೆ ಆಸೆ ಇಲ್ಲ. ಆದ್ರೆ ಒಂದು ಕೇಳ್ತೀನಿ, ಹೇಳು. ನೀನು ಅವನನ್ನ ಏನಂತ ಕರೀತಿದ್ದೆ?"

"ನಿಮಗೆ ಗೊತ್ತಲ್ಲ."

"ನಿನ್ನ ಬಾಯಲ್ಲಿ ಕೇಳೋಣ."

"ವಿಲ್ಫ್."

"ವಿಲ್ಫ್! ಹಾಲಿನವನೂ ಹಾಗೇ ಕರೀತಿದ್ದ. ಹಾಗಾದ್ರೆ ಹಾಲಿನವನನ್ನೇ ಕಳಿಸೋಣ ಬಿಡು ಮರದ ಹತ್ರ."

ರಾಡ್ನಿಗೆ ನಗು ಬಂತು, ಕೆಮ್ಮಿ ಮುಚ್ಚಿಕೊಂಡ.

"ಆ ಪದ ನಿನ್ನ ಬಾಯಲ್ಲಿ ಬರೋದಾದ್ರೆ ನೀನೇ ಹೋಗು, ನಾನು ಅಡ್ಡ ಬರಲ್ಲ," ಎಂದಳು ಮ್ಯೂರಿಯಲ್. "ಬರದಿದ್ರೆ ಇವನು ಹೋಗ್ತಾನೆ. ಬೇಡ ಅಂದ್ರೂ ಹೋಗ್ತಾನೆ. ನಮ್ಮಣ್ಣ ಹೋದ ಸುದ್ದೀನ ಯಾರೋ ದಾರಿಹೋಕ ಹೇಳಿದ ಹಾಗೆ ಹೇಳಿಸೋಕೆ ನಾನು ಬಿಡಲ್ಲ."

ಹೊರಗೆ ಶವದ ಕಾರು ಅಂಗಳಕ್ಕೆ ತಿರುಗುವ ಸದ್ದಾಯಿತು. ಡೆನ್ಜಿಲ್ ಟೈಯನ್ನು ಹೇಗೋ ಒಂದು ಗಂಟು ಹಾಕಿದ. ಅದು ಓರೆಯಾಗಿತ್ತು. ಮ್ಯೂರಿಯಲ್ ಎದ್ದು ಅದನ್ನು ಬಿಚ್ಚಿ ಸರಿಯಾಗಿ ಕಟ್ಟಿದಳು. ಅವಳ ಬೆರಳುಗಳು ತಣ್ಣಗಿದ್ದವು.

*

ಡೆನ್ಜಿಲ್ ಈ ಮನೆಗೆ ಬಂದಾಗ ಸೇಬು ಉದುರುವ ಕಾಲ. ಅಮ್ಮ ಐರೀನ್ ಪ್ಲಿಮತ್‌ನಿಂದ ಹಣ್ಣು ಆರಿಸುವ ಕೂಲಿಗೆಂದು ಬಂದಿದ್ದಳು, ಏಳು ವರ್ಷದ ಹುಡುಗನನ್ನೂ ಒಂದು ರಟ್ಟಿನ ಸೂಟ್‌ಕೇಸನ್ನೂ ಎಳೆದುಕೊಂಡು. ಹುಡುಗನ ಹೆಸರು ಆಗ ಡೆನ್ಜಿಲ್ ಸ್ಟಬ್ಸ್. ಸ್ಟಬ್ಸ್ ಎಂಬ ನಾವಿಕ ಒಂದು ಬೆಳಿಗ್ಗೆ ಹಡಗಿಗೆ ಹೋದವನು, ಹಡಗು ಮರಳಿದರೂ ತಾನು ಮರಳಿರಲಿಲ್ಲ. ಕೂಲಿಯವರೆಲ್ಲ ಹೊರಟುಹೋದ ಮೇಲೂ ಐರೀನ್ ಹೋಗಲಿಲ್ಲ. ಮೊದಲು ಅಡುಗೆ ನೋಡಿಕೊಳ್ಳಲು ಉಳಿದಳು, ವಸಂತದ ಹೊತ್ತಿಗೆ ವಿಲ್ಫ್‌ನನ್ನು ಮದುವೆಯಾದಳು.

ಮದುವೆಯ ಮರುದಿನ ಹುಡುಗ ಕೊಟ್ಟಿಗೆಯ ಮೆಟ್ಟಿಲ ಮೇಲೆ ಕುಳಿತಿದ್ದ. ವಿಲ್ಫ್ ಹತ್ತಿರ ಬಂದು ಅಲ್ಲೇ ಕುಳಿತು ಚಾಕು ಮಸೆಯತೊಡಗಿದ. ದೊಡ್ಡ ಕೈ, ದೊಡ್ಡ ಕಿವಿ, ಮಾತು ಕಡಿಮೆ.

"ನೀನು ನಮ್ಮಪ್ಪ ಅಲ್ಲ," ಎಂದ ಹುಡುಗ.

ವಿಲ್ಫ್ ಚಾಕುವಿನ ಅಲಗನ್ನು ಹೆಬ್ಬೆರಳಿನಿಂದ ನೋಡಿದ. "ಅಲ್ಲ. ನಾನು ವಿಲ್ಫ್."

"ನಮ್ಮಪ್ಪ ಬರ್ತಾನೆ."

"ಬರಲಿ. ಬಂದ್ರೆ ಸೈಡರ್ ಕೊಡೋಣ." ಜೇಬಿನಿಂದ ಒಂದು ಕಸಿಕಡ್ಡಿ ತೆಗೆದು ಕೇಳಿದ: "ಇದನ್ನ ಹಿಡ್ಕೊಳ್ಳೋಕೆ ಬರುತ್ತಾ ನಿನಗೆ?"

ಅಂದು ಹುಡುಗ ಕಸಿಕಡ್ಡಿ ಹಿಡಿಯುವುದನ್ನು ಕಲಿತ. ಬೇರುಗಿಡವನ್ನು ಓರೆಯಾಗಿ ಕೊಯ್ಯಬೇಕು, ಕಡ್ಡಿಯನ್ನೂ ಅಷ್ಟೇ ಓರೆಯಾಗಿ ಕೊಯ್ಯಬೇಕು, ಸಿಪ್ಪೆಯ ಕೆಳಗಿನ ಹಸಿರು ಗೆರೆ ಎರಡೂ ಒಂದಕ್ಕೊಂದು ತಾಗಬೇಕು. ತಾಗಿದ ಮೇಲೆ ಬಿಗಿಯಾಗಿ ಸುತ್ತಿ ಮೇಣ ಸವರಿ ಸುಮ್ಮನೆ ಬಿಡಬೇಕು. ದಿನಾ ಹೋಗಿ ಮುಟ್ಟಿ ನೋಡಬಾರದು. ಹುಡುಗ ದಿನಾ ಹೋಗಿ ಮುಟ್ಟಿ ನೋಡಿದ, ಅದು ಒಣಗಿತು. ವಿಲ್ಫ್ ಬಯ್ಯದೆ ಇನ್ನೊಂದು ಕಡ್ಡಿ ಕೊಟ್ಟ.

ಹೆಸರು ಬೇಕೆಂದು ಕೇಳಿದವನೂ ಹುಡುಗನೇ. ಸ್ಟಬ್ಸ್ ಬರುವುದಿಲ್ಲ ಎಂದು ಗೊತ್ತಾಗಿ ಬಹಳ ದಿನಗಳಾಗಿದ್ದವು. ಒಂದು ಮಧ್ಯಾಹ್ನ ತೋಪಿನಲ್ಲಿ, ವಿಲ್ಫ್ ಏಣಿಯ ಮೇಲಿರುವಾಗ, ಕೆಳಗಿನಿಂದ ಕೇಳಿದ: "ನಿನ್ನ ಹೆಸರು ನಾನೂ ಇಟ್ಕೊಳ್ಳಬಹುದಾ?"

ಕತ್ತರಿಯ ಸದ್ದು ನಿಂತಿತು. ವಿಲ್ಫ್ ಇಳಿದು ಬರಲಿಲ್ಲ. ಮೇಲಿನಿಂದಲೇ, "ಬರೆಯೋಕೆ ಸ್ವಲ್ಪ ಉದ್ದ," ಎಂದ. ಮತ್ತೆ ಕತ್ತರಿ ಆಡತೊಡಗಿತು. ಅವತ್ತು ಅವನು ಕತ್ತರಿಸಬಾರದ ಕೊಂಬೆಗಳನ್ನೂ ಕತ್ತರಿಸಿದ್ದ. ಮರುವರ್ಷ ಆ ಮರ ಬೋಳಾಗಿ ನಿಂತಿತ್ತು.

ಆ ಕ್ರಿಸ್ಮಸ್‌ಗೆ ಊಟಕ್ಕೆ ಬಂದ ಮ್ಯೂರಿಯಲ್ ಬಾತುಕೋಳಿಯ ತೊಡೆ ಕತ್ತರಿಸುತ್ತ ಎಲ್ಲರಿಗೂ ಕೇಳುವಂತೆ ಹೇಳಿದಳು: "ಕಾಡುಸೇಬಿನ ಕಡ್ಡಿ ತಂದು ಎಂಥ ಬೇರಿಗೆ ಕಸಿ ಕಟ್ಟಿದ್ರೂ ಬಿಡೋದು ಕಾಡುಸೇಬೇ. ತೋಟದವನಿಗೆ ನಾನು ಹೇಳಿಕೊಡಬೇಕಾ?"

ಐರೀನ್ ತಟ್ಟೆ ನೋಡುತ್ತ ಕುಳಿತಳು. ತಪ್ಪು ಹುಡುಕಲು ಸಾಧ್ಯವಿಲ್ಲದ ಮಾತು; ಕಸಿಯ ನಿಯಮವೇ ಅದು. ಹುಡುಗನಿಗೂ ಅದು ಗೊತ್ತಿತ್ತು.

ವಿಲ್ಫ್ ಬಾಯಲ್ಲಿದ್ದದ್ದನ್ನು ಪೂರ್ತಿ ಅಗಿದು ನುಂಗಿದ. "ಪೊಮೆರಾಯ್ ಅನ್ನೋದು ಮನುಷ್ಯನ ಹೆಸರಲ್ಲ ಮ್ಯೂರಿಯಲ್. ಮೇಷ್ಟ್ರು ಹೇಳಿರಲಿಲ್ವಾ? ಫ್ರಾನ್ಸಿನ ಕಡೆ ಸೇಬಿನ ತೋಪಿಗೆ ಹಾಗಂತಾರೆ. ತೋಪಿನ ಕಡೆಯಿಂದ ಬಂದೋನು ಅಂತ ಯಾರನ್ನೋ ಕರೆದ್ರು, ಅಂಟ್ಕೊಂಡ್ತು."

"ಬಂದೋನು ಸರದಾರ. ಇಂಗ್ಲೆಂಡ್ ಗೆದ್ದ ವಿಲಿಯಂ ದೊರೆ ಜೊತೆ ಫ್ರಾನ್ಸಿಂದ ಕುದುರೆ ಮೇಲೆ ಬಂದೋನು. ಅಪ್ಪ ಹೇಳ್ತಿದ್ದ."

"ಇರಬಹುದು. ಕುದುರೆ ನೋಡಿದೋರು ಯಾರೂ ಉಳಿದಿಲ್ಲ. ತೋಪಿದೆ. ತೋಪಿನಲ್ಲಿ ಕೆಲಸ ಮಾಡೋನಿಗೆ ಸಲ್ಲೋ ಹೆಸರು ಅದು. ಹುಡುಗ ಕೆಲಸ ಮಾಡ್ತಾನೆ. ನಿನ್ನ ಗಂಡ ಬಸ್ಸಿನಲ್ಲಿ ಟಿಕೆಟ್ ಹರೀತಾನೆ."

ಮ್ಯೂರಿಯಲ್ ಮುಖ ಕೆಂಪಾಗಿ ಆಮೇಲೆ ಬಿಳಿಚಿತು. ಅವಳೂ ಒಂದು ಕಾಲದಲ್ಲಿ ಪೊಮೆರಾಯ್ ಆಗಿದ್ದವಳು, ಮದುವೆಯ ದಿನ ಚರ್ಚಿನ ಬಾಗಿಲಲ್ಲಿ ಅದನ್ನು ಕೋಟಿನಂತೆ ಕಳಚಿಟ್ಟು ಹೋದವಳು ಎಂಬುದು ಆ ಮೇಜಿನ ಸುತ್ತ ಯಾರಿಗೂ ಹೊಳೆಯಲಿಲ್ಲ.

*

ಚರ್ಚಿನಲ್ಲಿ ಚಳಿ ಹೊರಗಿಗಿಂತ ಹೆಚ್ಚಾಗಿತ್ತು. ಮುಂದಿನ ಸಾಲಿನಲ್ಲಿ ಡೆನ್ಜಿಲ್, ಅವನ ಪಕ್ಕದಲ್ಲಿ ವಿಲ್ಫ್‌ನ ಹಳೆಯ ಗೆಳೆಯ ಸ್ಯಾಮ್ ಲಸ್ಕಂ, ಆಚೆ ಮ್ಯೂರಿಯಲ್ ಮತ್ತು ರಾಡ್ನಿ. ಹೊಸದಾಗಿ ಬಂದ ಪಾದ್ರಿಯಮ್ಮ ವಿಲ್ಫ್‌ನನ್ನು ಎರಡೋ ಮೂರೋ ಸಲ ನೋಡಿದ್ದಳಷ್ಟೆ. ಊರವರು ಹೇಳಿದ್ದನ್ನೇ ಜೋಡಿಸಿಕೊಂಡು ಮಾತಾಡಿದಳು.

"ಸುಮಾರು ಸಾವಿರ ವರ್ಷಗಳ ಹಿಂದೆ ಫ್ರಾನ್ಸಿನ ನಾರ್ಮಂಡಿಯಿಂದ ಸಮುದ್ರ ದಾಟಿ ಈ ನೆಲಕ್ಕೆ ಬಂದ ಹೆಸರು," ಎಂದಳು. "ಜೇಬಿನಲ್ಲಿ ಸೇಬಿನ ಬೀಜ ತುಂಬಿಕೊಂಡು ಬಂದರಂತೆ ಆ ಹೆಸರಿನವರು. ನಮ್ಮ ವಿಲ್ಫ್ರೆಡ್ ಪೊಮೆರಾಯ್ ಅದೇ ಸಾಲಿನ ಕೊನೆಯವರು."

ಕೊನೆಯವರು ಎಂಬ ಮಾತು ಮುಗಿದ ಮೇಲೆ ಅವಳಿಗೆ ಡೆನ್ಜಿಲ್‌ನ ಮುಖ ಕಂಡಿತು. ಪುಟ ತಿರುಗಿಸಿ, ಕೆಮ್ಮಿ, ಮುಂದಕ್ಕೆ ಹೋದಳು.

"ಬೀಜದಿಂದ ಸೇಬಾಗುತ್ತಾ?" ಸ್ಯಾಮ್ ಪಿಸುಗುಟ್ಟಿದ. "ಬೀಜ ಹಾಕಿದ್ರೆ ಹಂದಿ ಕೂಡ ಮೂಸದ ಹಣ್ಣು ಬಿಡುತ್ತೆ. ವಿಲ್ಫ್ ಇದ್ದಿದ್ರೆ ಎದ್ದು ಹೊರಗೆ ಹೋಗ್ತಿದ್ದ."

"ಸುಮ್ನಿರು ಸ್ಯಾಮ್."

"ಅವನು ಹೋಗೋ ಹಾಗಿಲ್ಲ ಇವತ್ತು. ಮಲಗಿಸಿಬಿಟ್ಟಿದಾರೆ." ಸ್ಯಾಮ್ ಕರವಸ್ತ್ರ ತೆಗೆದು ಮೂಗು ಒರೆಸಿಕೊಂಡ. ಒರೆಸಿಕೊಳ್ಳುವುದು ಬಹಳ ಹೊತ್ತು ನಡೆಯಿತು. ಆಮೇಲೆ ಕೇಳಿದ: "ಮರದ ಹತ್ರ ಯಾರು ಹೋಗೋದು? ಮ್ಯೂರಿಯಲ್ ಏನೋ ಗಲಾಟೆ ಮಾಡ್ತಿದಾಳಂತೆ?"

"ಗೊತ್ತಿಲ್ಲ."

"ಗೊತ್ತಿಲ್ಲ ಅಂದ್ರೆ? ಗೇಟಿನ ಹತ್ರ ಪೆಟ್ಟಿಗೆ ನಿಲ್ಲಿಸ್ಕೊಂಡು ಚೀಟಿ ಎತ್ತೋದಾ?"

ಎಲ್ಲರೂ ಹಾಡಲು ಎದ್ದರು. ಡೆನ್ಜಿಲ್ ಹಾಡಿನ ಪುಸ್ತಕ ಹಿಡಿದು ನಿಂತ. ಬಾಯಿ ತೆರೆಯುವುದೂ ಮುಚ್ಚುವುದೂ ನಡೆದಿತ್ತು. ಸ್ವರ ಹೊರಟಿತೋ ಇಲ್ಲವೋ ಅವನಿಗೇ ತಿಳಿಯಲಿಲ್ಲ.

*

ಐರೀನ್ ತೀರಿಹೋದ ಮರುವರ್ಷ ವಿಲ್ಫ್, ಡೆನ್ಜಿಲ್ ಇಬ್ಬರೂ ನಾರ್ಮಂಡಿಗೆ ಹೋಗಿದ್ದರು. ವಿಲ್ಫ್ ಅಲ್ಲಿಯವರೆಗೆ ಸಮುದ್ರ ದಾಟಿದವನಲ್ಲ. ಮನೆಯಲ್ಲಿ ಒಂದು ಕುರ್ಚಿ ಖಾಲಿಯಾದ ಮೇಲೆ ಇಬ್ಬರಿಗೂ ಊಟದ ಹೊತ್ತು ಕಳೆಯುವುದು ಕಷ್ಟವಾಗಿತ್ತು. "ಹೆಸರು ಹುಟ್ಟಿದ ಊರು ನೋಡ್ಕೊಂಡು ಬರೋಣ್ವಾ?" ಎಂದು ವಿಲ್ಫ್ ಒಂದು ದಿನ ಕೇಳಿದ. ಪೂಲ್ ಬಂದರಿನಲ್ಲಿ ವ್ಯಾನನ್ನು ಹಡಗಿಗೆ ಹತ್ತಿಸಿದರು.

ಆ ಹೆಸರಿನ ಊರು ಅಲ್ಲಿ ಒಂದಲ್ಲ, ಹಲವಿದ್ದವು. ಯಾವುದೆಂದು ಯಾರಿಗೂ ಖಚಿತವಿರಲಿಲ್ಲ. ನಕ್ಷೆಯಲ್ಲಿ ಹತ್ತಿರ ಕಂಡದ್ದಕ್ಕೆ ಹೋದರು. ಕೋಟೆಯಿರಲಿಲ್ಲ, ಸರದಾರನ ಸಮಾಧಿಯಿರಲಿಲ್ಲ. ಕೊಯ್ಲಾದ ಜೋಳದ ಹೊಲ, ನೀರಿನ ಟ್ಯಾಂಕು, ಕೆಲವು ಮನೆ. ಯುದ್ಧದಲ್ಲಿ ಸತ್ತ ಊರವರ ಹೆಸರು ಕೊರೆದ ಕಲ್ಲಿನ ಮುಂದೆ ವಿಲ್ಫ್ ಬಹಳ ಹೊತ್ತು ನಿಂತು ಒಂದೊಂದಾಗಿ ಓದಿದ. ಪೊಮೆರಾಯ್ ಎಂಬ ಹೆಸರು ಅದರಲ್ಲಿರಲಿಲ್ಲ.

ಒಂದು ಮನೆಯ ಅಂಗಳದಲ್ಲಿ ಮುದುಕಿಯೊಬ್ಬಳು ಮೊಲಗಳಿಗೆ ಸೊಪ್ಪು ಹಾಕುತ್ತಿದ್ದಳು. ವಿಲ್ಫ್ ಟೋಪಿ ತೆಗೆದು, ಎದೆ ಮುಟ್ಟಿಕೊಂಡು, "ಪೊಮೆರಾಯ್," ಎಂದ. ತನ್ನ ಪರಿಚಯ ಹೇಳಿಕೊಂಡ ಹಾಗೆ. ಮುದುಕಿ ಅವನನ್ನೂ ಡೆನ್ಜಿಲ್‌ನನ್ನೂ ನೋಡಿದಳು, ಹಣ್ಣು ಕೊಳ್ಳಲು ಬಂದವರೆಂದುಕೊಂಡಳೇನೋ, ಕೈಹಿಡಿದು ಹಿತ್ತಲಿಗೆ ಕರೆದುಕೊಂಡು ಹೋದಳು. ಅಲ್ಲಿ ಹುಲ್ಲಿನಲ್ಲಿ ಒಂದಷ್ಟು ಸೇಬಿನ ಮರಗಳಿದ್ದವು. ಪಾಚಿ ಹಿಡಿದ ಕಾಂಡ, ಬಂದಣಿಕೆ ತೂಗುವ ಕೊಂಬೆ. ಅವರದೇ ತೋಪಿನ ಹಾಗೆ.

ಮುದುಕಿ ಸೈಡರ್ ಕೊಟ್ಟಳು. ವಿಲ್ಫ್ ಕುಡಿದು, "ನಮ್ಮದಕ್ಕಿಂತ ಸಿಹಿ," ಎಂದ. ಒಂದು ಮರದ ಹತ್ತಿರ ಹೋಗಿ, ಹಳೆಯ ಕಸಿಯ ಗಂಟು ಊದಿಕೊಂಡಿದ್ದ ಜಾಗಕ್ಕೆ ಅಂಗೈ ಇಟ್ಟು ನಿಂತ. ಡೆನ್ಜಿಲ್ ದೂರದಿಂದ ನೋಡಿದ. ಏನು ಯೋಚಿಸುತ್ತಿದ್ದಾನೆ ಎಂದು ಕೇಳಲಿಲ್ಲ. ಅವರಿಬ್ಬರ ನಡುವೆ ಕೇಳುವ ಅಭ್ಯಾಸವಿರಲಿಲ್ಲ.

ವಾಪಸಾಗುವಾಗ ಹಡಗಿನ ಡೆಕ್ ಮೇಲೆ ಗಾಳಿಗೆ ಬೆನ್ನು ಮಾಡಿ ಕುಳಿತಿದ್ದಾಗ ವಿಲ್ಫ್ ತಾನಾಗಿ ಹೇಳಿದ: "ಸರದಾರ ಅಲ್ಲ ಕಣೋ. ಯಾರೋ ತೋಟದ ಆಳು. ದೊರೆ ಜೊತೆ ಹೊರಟೋರ ಕುದುರೆಗೆ ಹುಲ್ಲು ಹಾಕೋಕೆ ಬಂದಿರ್ತಾನೆ. ಎಲ್ಲಿಂದ ಬಂದೆ ಅಂದ್ರೆ ತೋಪಿಂದ ಅಂದಿರ್ತಾನೆ."

"ಬೇಜಾರಾಯ್ತಾ?"

"ಯಾಕೆ? ಒಳ್ಳೆ ತೋಪು."

ಕೆಳಗಿಳಿದು ಮಲಗುವ ಕೋಣೆಯ ಬೀಗದ ಕೈ ಕೇಳಲು ಹೋದರು. ಮೇಜಿನ ಹಿಂದಿನ ಹುಡುಗಿ ಟಿಕೆಟ್ ನೋಡಿ, ಇಬ್ಬರ ಮುಖ ನೋಡಿ, ನಗುತ್ತ ಕೇಳಿದಳು: "ಪೊಮೆರಾಯ್, ಪೊಮೆರಾಯ್. ತಂದೆ, ಮಗ?"

ವಿಲ್ಫ್ ಟೋಪಿಯ ಅಂಚನ್ನು ಬೆರಳಿನಲ್ಲಿ ತಿರುಗಿಸುತ್ತ, ಹುಡುಗಿಯನ್ನು ನೋಡದೆ, ಡೆನ್ಜಿಲ್‌ನನ್ನೂ ನೋಡದೆ, ಗೋಡೆಯ ಮೇಲಿನ ಲೈಫ್‌ಬೋಟಿನ ಚಿತ್ರ ನೋಡುತ್ತ ನಿಂತ. ಉತ್ತರಕ್ಕೆ ಜಾಗ ಬಿಟ್ಟು ನಿಂತಿದ್ದ.

"ಒಟ್ಟಿಗೆ ಬಂದಿದೀವಿ," ಎಂದ ಡೆನ್ಜಿಲ್.

ಹುಡುಗಿ ಬೀಗದ ಕೈ ಕೊಟ್ಟಳು. ವಿಲ್ಫ್ ಟೋಪಿ ತಲೆಗೆ ಹಾಕಿಕೊಂಡು, "ಮೇಲಿನ ಹಾಸಿಗೆ ನೀನು ತಗೋ. ನನಗೆ ಹತ್ತೋಕಾಗಲ್ಲ," ಎಂದ. ಅಷ್ಟೇ. ಮತ್ತೆ ಅದರ ಮಾತು ಬರಲಿಲ್ಲ. ಮೇಲಿನ ಹಾಸಿಗೆಯಲ್ಲಿ ಮಲಗಿ ಡೆನ್ಜಿಲ್ ಕೆಳಗಿನ ಉಸಿರಾಟವನ್ನು ಆಲಿಸಿದ. ಅದು ನಿದ್ದೆ ಹೋದವನ ಉಸಿರಾಟವಾಗಿರಲಿಲ್ಲ.

*

ಚರ್ಚಿನ ಅಂಗಳದ ಸ್ಮಶಾನ ತುಂಬಿ ಬಹಳ ಕಾಲವಾಗಿತ್ತು. ಹೊಸ ಸ್ಮಶಾನ ಪೊಮೆರಾಯ್ ತೋಪಿನ ಮೇಲ್ಗಡೆ ದಿಬ್ಬದಲ್ಲಿದೆ. ಶವದ ಕಾರು ತೋಪಿನ ಗೇಟಿನವರೆಗೆ ಬಂದು ನಿಂತಿತು. ಅಲ್ಲಿಂದ ಮುಂದೆ ಫೆಬ್ರವರಿಯ ಕೆಸರಿನಲ್ಲಿ ಗಾಲಿ ಓಡುವುದಿಲ್ಲ, ಹೆಗಲ ಮೇಲೆ ಹೊರಬೇಕು. ಹೊರುವವರು ಪೆಟ್ಟಿಗೆಯನ್ನು ಇಳಿಸಿ ಕಟ್ಟೆಯಂತಿದ್ದ ಕಲ್ಲಿನ ಗೋಡೆಯ ಮೇಲಿಟ್ಟರು. ಶವಸಂಸ್ಕಾರದ ಕಂಪನಿಯವನು ಗಡಿಯಾರ ನೋಡಿಕೊಂಡ.

"ಸ್ವಲ್ಪ ನಿಲ್ಲಪ್ಪ," ಎಂದ ಸ್ಯಾಮ್ ಅವನಿಗೆ. "ಇಲ್ಲಿ ಒಂದು ಕೆಲಸ ಇದೆ. ವಿಲ್ಫ್‌ಗೇನೂ ಅವಸರ ಇಲ್ಲ."

ಎಲ್ಲರೂ ನಿಂತರು. ಯಾರೂ ಡೆನ್ಜಿಲ್‌ನ ಕಡೆ ನೋಡಲಿಲ್ಲ. ನೋಡುತ್ತಿಲ್ಲ ಎಂಬುದು ಎದ್ದು ಕಾಣುವ ಹಾಗೆ ಹುಲ್ಲು, ಆಕಾಶ, ಬೂಟು ನೋಡಿದರು. ರಾಡ್ನಿ ಅಮ್ಮನ ಕೈ ಬಿಡಿಸಿಕೊಂಡು ಗುಂಪಿನ ಹಿಂದಕ್ಕೆ ಹೋಗಿ ನಿಂತುಬಿಟ್ಟ.

"ರಾಡ್ನಿ!"

"ಅಮ್ಮಾ, ದಮ್ಮಯ್ಯ."

ಮ್ಯೂರಿಯಲ್ ಮಗನನ್ನು ದುರುಗುಟ್ಟಿ ನೋಡಿದಳು. ಆಮೇಲೆ ಡೆನ್ಜಿಲ್‌ನ ತೋಳಿಗೆ ಕೈ ಹಾಕಿದಳು. "ನಡಿ. ನೀನು ಏನು ಹೇಳ್ತೀಯ ಅಂತ ನಾನು ನಿಂತು ಕೇಳ್ತೀನಿ. ಹೇಳದಿದ್ರೆ ಅವನನ್ನ ಕಿವಿ ಹಿಡಿದು ಎಳ್ಕೊಂಡು ಬರ್ತೀನಿ."

ಒದ್ದೆ ಹುಲ್ಲಿನಲ್ಲಿ ಅವಳ ಹೆಜ್ಜೆಗೆ ತಕ್ಕಂತೆ ನಿಧಾನವಾಗಿ ನಡೆದರು. ಹಿರಿಯ ಮರ ಕುರಿಮೂತಿ ಎಂಬ ಜಾತಿಯದು. ಹಣ್ಣು ಉದ್ದಕ್ಕೆ, ಕುರಿಯ ಮೂತಿಯಂತೆ ಇರುತ್ತದೆ. ಕಾಂಡ ಪೊಳ್ಳಾಗಿ ಒಂದು ಕಡೆ ವಾಲಿತ್ತು. ಹೋದ ಶರತ್ಕಾಲದಲ್ಲಷ್ಟೇ ವಿಲ್ಫ್ ಅದಕ್ಕೊಂದು ಆಸರೆಯ ಕಂಬ ಕೊಟ್ಟಿದ್ದ.

ಡೆನ್ಜಿಲ್ ಮರದ ಮುಂದೆ ನಿಂತ. ಮುಷ್ಟಿ ಕಟ್ಟಿ ಗುದ್ದಿದ. ಒಳಗಿನ ಪೊಳ್ಳಿನಲ್ಲಿ ಸದ್ದು ಹೋಗಿ ಬಂತು.

ಬಾಯಿ ತೆರೆದ. ಆ ಪದ ನಾಲಿಗೆಯ ಬುಡದವರೆಗೆ ಬಂದದ್ದು ಅವನಿಗೆ ಗೊತ್ತಾಯಿತು. ಅದು ಅಲ್ಲೇ ನಿಂತಿತು. ಕೊಟ್ಟಿಗೆಯ ಮೆಟ್ಟಿಲ ಮೇಲಿನ ಹುಡುಗ, 'ನೀನು ನಮ್ಮಪ್ಪ ಅಲ್ಲ' ಎಂದವನು, ಇನ್ನೂ ಅಲ್ಲೇ ಕುಳಿತಿದ್ದ. ಅವನನ್ನು ಎಬ್ಬಿಸುವುದು ಹೇಗೆಂದು ಡೆನ್ಜಿಲ್‌ಗೆ ಯಾವತ್ತೂ ತಿಳಿದಿರಲಿಲ್ಲ. ಹಾಗಂತ ಸುಳ್ಳು ಹೇಳಲೂ ಇಷ್ಟವಿಲ್ಲ, ಸುಮ್ಮನಿರಲೂ ಸಾಧ್ಯವಿಲ್ಲ.

"ವಿಲ್ಫ್ ಹೋದ," ಎಂದ. "ನಾನು ಡೆನ್ಜಿಲ್ ಪೊಮೆರಾಯ್. ಇನ್ನು ನಾನಿದ್ದೇನೆ."

ಮರದ ಮೇಲಿಂದ ಒಂದು ಹಕ್ಕಿ ಎದ್ದು ಇನ್ನೊಂದು ಮರಕ್ಕೆ ಹೋಗಿ ಕುಳಿತಿತು.

"ಅಷ್ಟೇನಾ?" ಎಂದಳು ಮ್ಯೂರಿಯಲ್.

"ಅಷ್ಟೇ ಆಗೋದು ಅತ್ತೆ. ರಾಡ್ನೀನ ಕರೀರಿ."

ಅವಳು ಕರೆಯಲಿಲ್ಲ. ಕೋಲಿನ ತುದಿಯಿಂದ ಹುಲ್ಲನ್ನು ಕೆದಕುತ್ತ ನಿಂತಳು. ಗೇಟಿನ ಹತ್ತಿರ ಯಾರೋ ಕೆಮ್ಮಿದರು.

"ನಮ್ಮಪ್ಪ ಸತ್ತಾಗ ವಿಲ್ಫ್ ಹೇಳೋಕೆ ಬಂದ," ಎಂದಳು ಕೊನೆಗೆ. "ಹೆಣ್ಣುಮಕ್ಕಳು ಬರೋ ಹಾಗಿರಲಿಲ್ಲ. ನಾನು ಆ ಬೇಲಿ ಹಿಂದೆ ಕೂತು ಕೇಳಿಸ್ಕೊಂಡೆ. ಅವನು ಏನಂದ ಗೊತ್ತಾ? 'ಮುದುಕ ಹೋದ' ಅಂದ. '‌ಇನ್ನು ಈ ಮನೇಲಿ ಹೊಡೆಯೋರು ಯಾರೂ ಇಲ್ಲ' ಅಂದ. ನಮ್ಮಪ್ಪನ ಕೈ ನೀನು ನೋಡಿಲ್ಲ. ಬೆಲ್ಟು ಬಿಚ್ಚಿದ್ರೆ ಅವನಿಗೆ ಎಣಿಕೆ ಮರೆತುಹೋಗ್ತಿತ್ತು. ನನಗೆ ಬೀಳೋದನ್ನೂ ವಿಲ್ಫೇ ತಿಂತಿದ್ದ."

ಡೆನ್ಜಿಲ್ ಅವಳ ಕಡೆ ತಿರುಗಿದ. ಈ ಮಾತನ್ನು ವಿಲ್ಫ್ ಎಂದೂ ಹೇಳಿರಲಿಲ್ಲ. ಒಣಗಿದ ಕಸಿಗೆ ಬಯ್ಯದ ವಿಲ್ಫ್, ಕೈ ಎತ್ತದ ವಿಲ್ಫ್.

"ಅವನು ಆ ಪದ ಹೇಳಲಿಲ್ಲ ಅಂದ್ರೆ ಅವನಿಗೆ ಕಾರಣ ಇತ್ತು," ಎಂದಳು ಮ್ಯೂರಿಯಲ್. ಅವಳ ದನಿ ಏರಿತು. "ನಿನ್ನ ಮೇಲೆ ಒಂದಿನ ಕೈ ಮಾಡಿದ್ನಾ? ಒಂದು ಏಟು? ನಿನಗೇನೋ ರೋಗ?"

ಡೆನ್ಜಿಲ್ ಅಳುತ್ತಿದ್ದ, ಅಳು ಬಾಯಿಗೆ ಬರದೆ ಭುಜದಲ್ಲಿ ಮಾತ್ರ ಕಾಣುತ್ತಿತ್ತು.

ಮ್ಯೂರಿಯಲ್ ಕೋಲನ್ನು ಅವನ ಕೈಗೆ ಕೊಟ್ಟು, ಬಲಗೈಯ ಗವಸು ಬಿಚ್ಚಿ, ಮುಂದೆ ಬಂದು, ಸಣ್ಣ ಮುಷ್ಟಿಯಿಂದ ಮರಕ್ಕೆ ಗುದ್ದಿದಳು. ಹೆಂಗಸಿನ ಕೈ ಆ ಕಾಂಡವನ್ನು ಗುದ್ದಿದ್ದು ಅದೇ ಮೊದಲಿರಬೇಕು.

"ಕೇಳಿಸ್ತಾ?" ಎಂದಳು ಮರಕ್ಕೆ, ಕಿವುಡರಿಗೆ ಹೇಳುವಂತೆ. "ನಾನು ಮ್ಯೂರಿಯಲ್. ಇವನಪ್ಪ ತೀರಿಹೋದ. ಇವನಿಗೆ ಬಾಯಿಲ್ಲ, ಅದಕ್ಕೆ ನಾನು ಹೇಳ್ತಿದೀನಿ. ಇವನಪ್ಪ ಹೋದ, ನಮ್ಮಣ್ಣ ಹೋದ. ಇನ್ನು ಇವನಿದಾನೆ."

ಗವಸು ಮತ್ತೆ ಹಾಕಿಕೊಳ್ಳಲು ಬೆರಳು ಸೇರದೆ ತಡಕಾಡಿದಳು. ಡೆನ್ಜಿಲ್ ಹಿಡಿದುಕೊಟ್ಟ. ಇಬ್ಬರೂ ಗೇಟಿಗೆ ಮರಳಿದರು.

"ಆಯ್ತಾ?" ಎಂದ ಸ್ಯಾಮ್.

"ಆಯ್ತು," ಎಂದಳು ಮ್ಯೂರಿಯಲ್. "ಎತ್ರಿ."

ಡೆನ್ಜಿಲ್ ತಲೆಯ ಕಡೆಗೆ ಹೆಗಲು ಕೊಟ್ಟ. ಕಾಲಿನ ಕಡೆ ಮುಂದಾಗಿ ಪೆಟ್ಟಿಗೆ ಮೇಲೆದ್ದಿತು. ಭಾರ ಅವನು ಅಂದುಕೊಂಡದ್ದಕ್ಕಿಂತ ಕಡಿಮೆಯಿತ್ತು. ದಿಬ್ಬದ ದಾರಿ ಏರಾದ್ದರಿಂದ ಪೆಟ್ಟಿಗೆ ಹಿಂದಕ್ಕೆ ವಾಲಿ, ಮರದ ಹಲಗೆ ಅವನ ಕೆನ್ನೆಗೆ ಒತ್ತಿಕೊಂಡಿತು. ಹಲಗೆಯ ಈಚೆ ಅವನ ಬಾಯಿ, ಆಚೆ ವಿಲ್ಫ್‌ನ ಕಿವಿ. ನಡುವೆ ಬೆರಳಿನಷ್ಟು ದಪ್ಪದ ಮರ. ಮುಂದಿನವರು ಹೆಜ್ಜೆ ಸರಿಹೊಂದಿಸಿಕೊಳ್ಳುತ್ತಿದ್ದರು, ಸ್ಯಾಮ್ ಏದುಸಿರು ಬಿಡುತ್ತಿದ್ದ, ಯಾರ ಗಮನವೂ ಅವನ ಮೇಲಿರಲಿಲ್ಲ. ಒಂದು ಪದ ಹೇಳಲು ಸ್ಮಶಾನದ ಗೇಟಿನವರೆಗೂ ದಾರಿಯಿತ್ತು.

ಡೆನ್ಜಿಲ್ ಪೊಮೆರಾಯ್ ಅವನನ್ನು ಅಪ್ಪ ಎಂದು ಕರೆಯಲಿಲ್ಲ.